ಬಣ್ಣ ಬಳಿದ ಸೀಲಿಂಗ್ ಮತ್ತೆ ಉಬ್ಬಿದೆ: ರಿಪೇರಿ ಸಾಕಾ, ಸ್ಲ್ಯಾಬೇ ಒಡೆಸಬೇಕಾ?

ಪ್ರಶ್ನೆ: ನಾವು ಮುಂಬಯಿಯ ಮುಲುಂಡ್ ಪೂರ್ವದಲ್ಲಿ ಇರುವವರು. ಕಟ್ಟಡ 1986ರದ್ದು, ನಾಲ್ಕು ಮಹಡಿ. ನಮ್ಮದು ಎರಡನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಬಾತ್‌ರೂಮಿನ ಹೊರಗಿನ ಪ್ಯಾಸೇಜಿನ ಸೀಲಿಂಗ್‌ನಲ್ಲಿ ಎರಡು ವರ್ಷದಿಂದ ಒದ್ದೆ ಕಲೆ ಇದೆ. ಹೋದ ವರ್ಷ ಗಣಪತಿ ಹಬ್ಬದ ಮುಂಚೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು. ಈ ಮಳೆಗಾಲದಲ್ಲಿ ಅದು ಹಪ್ಪಳದ ಹಾಗೆ ಉಬ್ಬಿತು. ಹೋದ ತಿಂಗಳು ಒಂದಡಿ ಅಗಲದ ಗಾರೆ ಬಿತ್ತು, ಒಳಗಿನ ಕಂಬಿ ತುಕ್ಕು ಹಿಡಿದಿರುವುದು ಕಾಣುತ್ತಿದೆ. ಕಲೆ ಈಗ ಬೆಡ್‌ರೂಮಿನ ಮೂಲೆಗೂ ಹಬ್ಬಿದೆ, ಅತ್ತೆಯವರು ಮಲಗುವುದು ಅಲ್ಲೇ. ಮೇಲಿನ ಮನೆಯವರು "ಮೂರು ವರ್ಷದ ಹಿಂದೆ ತಾನೇ ಬಾತ್‌ರೂಮಿಗೆ ಹೊಸ ಟೈಲ್ಸ್ ಹಾಕಿಸಿದ್ದೇವೆ, ನಮ್ಮದಲ್ಲ, ಮಳೆ ನೀರು" ಅನ್ನುತ್ತಾರೆ. ಮೇ ತಿಂಗಳಲ್ಲಿ ಮಾತಾಡೋಣ ಅಂದರೆ ಅವರು ಮೂರು ವಾರ ಊರಿಗೆ ಹೋಗಿದ್ದರು. ಆಗ ಕಲೆಯೂ ಒಣಗಿತ್ತು, ನಾವೂ ಸುಮ್ಮನಾದೆವು. ಒಬ್ಬ ಕಾಂಟ್ರಾಕ್ಟರ್ "ಪಿಓಪಿ ಫಾಲ್ಸ್ ಸೀಲಿಂಗ್ ಹಾಕಿಬಿಡಿ" ಅಂದ. ಇನ್ನೊಬ್ಬ "ಸ್ಲ್ಯಾಬ್ ಪೂರ್ತಿ ಒಡೆದು ಹೊಸದು ಹಾಕಬೇಕು" ಅಂದ. ಸೊಸೈಟಿ ಸೆಕ್ರೆಟರಿ "ಹೇಗೂ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಬರುತ್ತೆ, ಈಗ ಖರ್ಚು ಯಾಕೆ" ಅಂತಾರೆ. ಡಿಸೆಂಬರ್ ಕೊನೆಗೆ ಮಗನ ಮದುವೆ. ಯಾರ ಮಾತು ಕೇಳಬೇಕು ಸರ್?

ಉತ್ತರ: ಮೊದಲು ಅತ್ತೆಯವರ ಮಂಚ ಆ ಮೂಲೆಯಿಂದ ಸರಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಗಾರೆ ಒಮ್ಮೆ ಬಿದ್ದ ಮೇಲೆ ಅದರ ಸುತ್ತ ಇನ್ನೂ ಬೀಳುವುದು ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವ ಕಲೆಗಿಂತ ಸಡಿಲವಾದ ಜಾಗ ಸಾಮಾನ್ಯವಾಗಿ ಜಾಸ್ತಿ. ಒದ್ದೆ ಭಾಗದಲ್ಲಿ ಲೈಟ್ ಪಾಯಿಂಟ್ ಇದ್ದರೆ ಅದರ ಎಂಸಿಬಿ (ಮುಖ್ಯ ಬೋರ್ಡಿನ ಸ್ವಿಚ್) ಆಫ್ ಮಾಡಿ. ಆ ಸ್ಲ್ಯಾಬಿನ ಕೊಂಡಿಗೆ ಫ್ಯಾನ್ ತೂಗುಹಾಕಿದ್ದರೆ ಸದ್ಯಕ್ಕೆ ಇಳಿಸಿಬಿಡಿ.

ಆಮೇಲೆ ತಿಳಿದ ಮೇಸ್ತ್ರಿಯೊಬ್ಬರನ್ನು ಕರೆಸಿ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಸುತ್ತಿಗೆಯ ಮರದ ಹಿಡಿಯಿಂದ ಸೀಲಿಂಗನ್ನು ಅಡಿ ಅಡಿಗೂ ತಟ್ಟಿ ನೋಡಲಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಬಿಟ್ಟುಕೊಂಡಲ್ಲಿ ಡಬ್ ಡಬ್ ಅಂತ ಪೊಳ್ಳು ಸದ್ದು. ಡಬ್ ಅಂದಿದ್ದನ್ನೆಲ್ಲ ಈಗಲೇ ಕೆಡವಿಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ತಲೆ ಮೇಲೆ ಬೀಳುವುದಕ್ಕಿಂತ ವಾಸಿ. ಕೆಡವುವ ಮುಂಚೆ, ಕೆಡವಿದ ಮೇಲೆ ಫೋಟೋ ತೆಗೆದಿಡಿ. ಮುಂದೆ ಸೊಸೈಟಿಯ ಮುಂದೆ ಕೂತಾಗ ಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇದರಲ್ಲಿ ಮೂರು ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ನೀರು ಎಲ್ಲಿಂದ ಬರುತ್ತಿದೆ, ಸ್ಲ್ಯಾಬ್ ಎಷ್ಟು ಕೆಟ್ಟಿದೆ, ದುಡ್ಡು ಯಾರು ಕೊಡಬೇಕು. ನಿಮ್ಮ ಇಬ್ಬರು ಕಾಂಟ್ರಾಕ್ಟರುಗಳೂ ಮೊದಲನೆಯದನ್ನು ಕೇಳದೆಯೇ ಎರಡನೆಯದಕ್ಕೆ ಉತ್ತರ ಕೊಟ್ಟುಬಿಟ್ಟಿದ್ದಾರೆ. ನೀರು ನಿಲ್ಲದೆ ಸೀಲಿಂಗ್‌ಗೆ ಏನು ಮಾಡಿಸಿದರೂ ಆ ದುಡ್ಡು ನೀರಿಗೇ ಹೋಗುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಪತ್ರದಲ್ಲಿ ನೀವು ಹೋಗುತ್ತಾ ಹೋಗುತ್ತಾ ಹೇಳಿದ ಒಂದು ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಮೇಲಿನವರು ಊರಿಗೆ ಹೋದಾಗ ಕಲೆ ಒಣಗಿತ್ತು ಅಂದಿರಿ. ನಿಮ್ಮ ಮೇಲೆ ಇನ್ನೂ ಎರಡು ಮಹಡಿ ಇವೆ, ಹಾಗಾಗಿ ಟೆರೇಸಿನ ನೀರಲ್ಲ. ಪೈಪುಗಳಿಗೆಂದೇ ಬಿಟ್ಟ ಕಿರಿದಾದ ಜಾಗದಲ್ಲಿ, ಅಂದರೆ ಡಕ್ಟಿನಲ್ಲಿ, ಇಳಿಯುವ ಕಾಮನ್ ಪೈಪು ಸೋರುತ್ತಿದ್ದರೆ ನಾಲ್ಕನೇ ಮಹಡಿಯವರು ಬಳಸಿದ ನೀರೂ ಅದರಲ್ಲೇ ಇಳಿಯುತ್ತದೆ, ಮೂರನೇ ಮಹಡಿಗೆ ಬೀಗ ಬಿದ್ದ ಮಾತ್ರಕ್ಕೆ ಸೋರುವುದು ನಿಲ್ಲಬಾರದಿತ್ತು. ಹಾಗಾದರೆ ಉಳಿಯುವುದು ಮೂರನೇ ಮಹಡಿಯ ಒಳಗಿನ ಕೆಲಸ: ಅವರ ಬಾತ್‌ರೂಮಿನ ನೆಲ, ನಹಾನಿ ಟ್ರ್ಯಾಪ್ (ನೆಲದ ನೀರು ಇಳಿದುಹೋಗುವ ಜಾಲಿಯ ಕೆಳಗಿನ ಬಟ್ಟಲು), ಅಥವಾ ಗೋಡೆಯೊಳಗಿನ ನೀರಿನ ಪೈಪು. ಈ ಪೈಪಿನ ಬಗ್ಗೆ ಒಂದು ಮಾತು ಕೇಳಿಕೊಳ್ಳಿ. ಊರಿಗೆ ಹೋಗುವಾಗ ಅವರು ಮನೆಯ ಮುಖ್ಯ ವಾಲ್ವ್ ಮುಚ್ಚಿದ್ದರಾ? ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸೋರುತ್ತದೆ. ವಾಲ್ವ್ ತೆರೆದೇ ಇತ್ತು, ಆದರೂ ಕಲೆ ಒಣಗಿತು ಅಂದರೆ ಪೈಪಿನ ಮೇಲಿನ ಅನುಮಾನ ಬಿಡಬಹುದು. ನೆಲ ಅಥವಾ ಟ್ರ್ಯಾಪೇ ಕಾರಣ ಅಂತ ಹೆಚ್ಚುಕಡಿಮೆ ಹೇಳಬಹುದು.

ಹಾಗಂತ ಮೇಲಿನವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಹೊಸ ಟೈಲ್ಸ್ ಹಾಕಿಸಿದ ಮೇಲೆ ಸೋರಲು ಸಾಧ್ಯವೇ ಇಲ್ಲ ಅಂತ ಅವರು ನಿಜವಾಗಿಯೂ ನಂಬಿದ್ದಾರೆ, ಹೆಚ್ಚಿನವರು ನಂಬುತ್ತಾರೆ. ಆದರೆ ಟೈಲ್ಸ್ ವಾಟರ್‌ಪ್ರೂಫಿಂಗ್ ಅಲ್ಲ. ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟೂ ಅಲ್ಲ. ಅದರ ಸಣ್ಣ ಬಿರುಕುಗಳಿಂದ ದಿನಾ ಸ್ವಲ್ಪ ಸ್ವಲ್ಪ ನೀರು ಕೆಳಗೆ ಇಳಿದೇ ಇಳಿಯುತ್ತದೆ. ಅದನ್ನು ತಡೆಯಬೇಕಾದದ್ದು ಟೈಲ್ಸ್ ಅಡಿಯ ಪದರ.

ಇಲ್ಲಿ ನಮ್ಮ ಮುಂಬಯಿ ಬಾತ್‌ರೂಮು ಹೇಗೆ ಕಟ್ಟಿರುತ್ತದೆ ಅಂತ ಸ್ವಲ್ಪ ನೋಡಬೇಕು. ಆ ಕಾಲದ ಕಟ್ಟಡಗಳಲ್ಲಿ ಬಾತ್‌ರೂಮು ಮತ್ತು ಟಾಯ್ಲೆಟ್ಟಿನ ಸ್ಲ್ಯಾಬ್ ಉಳಿದ ಮನೆಗಿಂತ ಒಂದಡಿ, ಒಂದೂವರೆ ಅಡಿ ತಗ್ಗಿನಲ್ಲಿ ಇರುತ್ತದೆ. ಅದಕ್ಕೆ ಸಂಕನ್ ಸ್ಲ್ಯಾಬ್ ಅನ್ನುತ್ತಾರೆ. ಪೈಪು, ಟ್ರ್ಯಾಪು ಎಲ್ಲ ಆ ತಗ್ಗಿನಲ್ಲಿ ಕೂರಿಸಿ, ಸುತ್ತ ಇಟ್ಟಿಗೆ ಚೂರು ಮತ್ತು ಸಿಮೆಂಟ್ ತುಂಬುತ್ತಾರೆ. ಇದು ಬ್ರಿಕ್‌ಬ್ಯಾಟ್ ಕೋಬಾ. ಅದರ ಮೇಲೆ ಆಗೆಲ್ಲ ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಹಾಸುತ್ತಿದ್ದರು. ರಿನೋವೇಶನ್ ಮಾಡುವವರು ಆ ಹಳೇ ಕಲ್ಲು ಒಡೆಯುವಾಗ ಸುತ್ತಿಗೆ ಏಟಿಗೆ ಕೆಳಗಿನ ಕೋಬಾ ಬಿರುಕು ಬಿಡುತ್ತದೆ, ಹಳೇ ನಹಾನಿ ಟ್ರ್ಯಾಪಿನ ಜಾಯಿಂಟು ಅಲುಗಾಡುತ್ತದೆ. ಮೇಲೆ ಥಳಥಳ ಹೊಸ ಟೈಲ್ಸ್ ಬರುತ್ತದೆ, ಕೆಳಗಿನ ಗಾಯ ಹಾಗೇ ಉಳಿಯುತ್ತದೆ. ಟೈಲ್ಸ್ ಬದಲಾಯಿಸಿ ವರ್ಷ ಎರಡು ವರ್ಷಕ್ಕೆ ಕೆಳಗಿನ ಮನೆ ಸೋರಲು ಶುರುವಾಗುವುದನ್ನು ನಾನು ಎಷ್ಟು ಕಟ್ಟಡಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ನಿಮ್ಮಲ್ಲೂ ಅಷ್ಟೇ: ಟೈಲ್ಸ್‌ಗೆ ಮೂರು ವರ್ಷ, ಕಲೆಗೆ ಎರಡು ವರ್ಷ.

ಕಲೆ ಬಾತ್‌ರೂಮಿನಲ್ಲಿ ಬಾರದೆ ಪ್ಯಾಸೇಜಿನಲ್ಲಿ ಬಂದದ್ದಕ್ಕೂ ಇದೇ ಕಾರಣ ಇರಬಹುದು. ನೀರು ಆ ಕೋಬಾದೊಳಗೆ ಸೇರಿ ನಿಲ್ಲುತ್ತದೆ. ತುಂಬಿದ ಮೇಲೆ ತಗ್ಗಿನ ಅಂಚಿನಿಂದ, ಸ್ಲ್ಯಾಬು ಬೀಮು ಸೇರುವ ಸಂದಿಯಿಂದ ದಾರಿ ಮಾಡಿಕೊಂಡು ಪಕ್ಕದ ಸ್ಲ್ಯಾಬಿಗೆ ಇಳಿಯುತ್ತದೆ. ಕಲೆ ಎಲ್ಲಿದೆಯೋ ಅದರ ನೇರ ಮೇಲೆಯೇ ತೂತಿದೆ ಅಂದುಕೊಳ್ಳಬೇಡಿ.

ಮಳೆಗಾಲದಲ್ಲಿ ಯಾಕೆ ಜಾಸ್ತಿ ಆಯಿತು ಹಾಗಾದರೆ? ಮೇಲಿನವರ ವಾದಕ್ಕೆ ಬಲ ಕೊಡುವುದು ಇದೇ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಗಾಳಿಯೇ ಒದ್ದೆ. ಬೇಸಿಗೆಯಲ್ಲಿ ಅಷ್ಟೇ ನೀರು ಇಳಿದರೂ ಸೀಲಿಂಗಿನಿಂದ ಆರಿ ಹೋಗುತ್ತದೆ, ಜುಲೈಯಲ್ಲಿ ಆರಲು ಜಾಗವಿಲ್ಲ. ಜೊತೆಗೆ ಡಕ್ಟ್ ಕಡೆಯ ಹೊರಗೋಡೆಯಲ್ಲಿ ಬಿರುಕಿದ್ದರೆ ಮಳೆ ನೀರೂ ಸೇರಿಕೊಳ್ಳಬಹುದು. ಅದನ್ನೂ ಸೊಸೈಟಿ ನೋಡಬೇಕು. ಆದರೆ ಮಳೆಯೊಂದೇ ಕಾರಣವಾಗಿದ್ದರೆ ಎರಡು ವರ್ಷ ಬೇಸಿಗೆಯಲ್ಲೂ ಕಲೆ ಉಳಿಯುತ್ತಿರಲಿಲ್ಲ, ಅಲ್ವಾ?

ವಾದ ಮಾಡುವುದಕ್ಕಿಂತ ಪರೀಕ್ಷೆ ಮಾಡಿಸುವುದು ಸುಲಭ. ಸೊಸೈಟಿ ಕಮಿಟಿಯ ಒಬ್ಬರು ಎದುರಿಗಿರಲಿ. ಮೊದಲು ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮೇಲಿನ ಮನೆಯ ವಾಲ್ವ್ ಒಂದು ರಾತ್ರಿ ಮುಚ್ಚಿ, ಹನಿ ಬೀಳುವುದಿದ್ದರೆ ಕಡಿಮೆಯಾಯಿತಾ ನೋಡಿ. ಆಮೇಲೆ ಅವರ ನಹಾನಿ ಟ್ರ್ಯಾಪಿಗೆ ಬಟ್ಟೆ ಮತ್ತು ಪ್ಲಾಸ್ಟಿಕ್ ಬಿಗಿದು, ಬಾತ್‌ರೂಮಿನ ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಬಣ್ಣ ಕಲಸಿ, 24ರಿಂದ 48 ಗಂಟೆ ಬಿಡಬೇಕು. ಎರಡು ದಿನ ಬಾತ್‌ರೂಮ್ ಬಳಸುವಂತಿಲ್ಲ ಅಂತ ಅವರಿಗೆ ಮೊದಲೇ ಹೇಳಿ. ಅದು ಮುಗಿದ ಮೇಲೆ ಟ್ರ್ಯಾಪಿಗೆ ಬಿಗಿದದ್ದನ್ನು ತೆಗೆದು ಬೇರೆ ಬಣ್ಣದ ನೀರನ್ನು ಪೈಪಿಗೇ ಬಿಡಿ. ಯಾವ ಬಣ್ಣ ಇಳಿದರೂ ಕಾರಣ ಯಾವುದು ಗೊತ್ತಾಗುತ್ತದೆ. ಇಲ್ಲೊಂದು ಎಚ್ಚರ. ಹಳೇ ಕೋಬಾ ಬಣ್ಣವನ್ನು ಸೋಸಿಬಿಡುತ್ತದೆ, ಎಷ್ಟೋ ಸಲ ಬಣ್ಣ ಇಳಿಯಲು ದಿನಗಳೇ ಬೇಕು. ಬಣ್ಣ ಬರಲಿಲ್ಲ ಅಂದಮಾತ್ರಕ್ಕೆ ಮೇಲಿನವರು ಪಾರಾಗುವುದಿಲ್ಲ. ಪೆನ್ಸಿಲ್ ಗೆರೆ ದಾಟಿ ಒದ್ದೆ ಹಬ್ಬಿದರೆ ಅದೂ ಸಾಕ್ಷಿಯೇ.

ಇನ್ನು ಸ್ಲ್ಯಾಬಿನ ಸ್ಥಿತಿ. ಇದರ ಬಗ್ಗೆಯೇ ನಾನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ರಿಪೇರಿಯೋ ಬದಲಾವಣೆಯೋ ಅಂತ ತೀರ್ಮಾನಿಸುವುದು ಕಲೆಯ ಗಾತ್ರ ಅಲ್ಲ, ಕಂಬಿ. ಪೇಂಟು ಉಬ್ಬಿದ್ದು, ಬೂಸ್ಟು ಬಂದದ್ದು, ಬಿಳಿ ಪುಡಿ ಎದ್ದದ್ದು ನೋಡಲು ಅಸಹ್ಯ, ಅಪಾಯ ಕಡಿಮೆ. ಆ ಬಿಳಿ ಪುಡಿ ನೀರಿನ ಜೊತೆ ಕರಗಿ ಇಳಿದ ಸುಣ್ಣ, ಲವಣ ಅಷ್ಟೇ. ಕಂದು ಬಣ್ಣದ ಕಲೆ, ಕಂಬಿಯ ಸಾಲಿನಲ್ಲೇ ಉದ್ದಕ್ಕೆ ಬಿಟ್ಟ ಬಿರುಕು, ಗಾರೆಯ ಜೊತೆ ಕಾಂಕ್ರೀಟ್ ಚಕ್ಕೆ ಬೀಳುವುದು: ಇವು ಬೇರೆ ಮಾತು.

ಒಳ್ಳೆಯ ಕಾಂಕ್ರೀಟ್ ಕ್ಷಾರೀಯ. ಹೊಸದಿದ್ದಾಗ ಅದರ ಪಿಎಚ್, ಅಂದರೆ ಕ್ಷಾರದ ಅಳತೆ, 12.5ರ ಮೇಲಿರುತ್ತದೆ, ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತಾ ಹೋಗುತ್ತಾ ಆ ಕ್ಷಾರ ಇಳಿಯುತ್ತದೆ. ಪಿಎಚ್ 9ರ ಕೆಳಗೆ ಬಂದರೆ ಕಂಬಿಗೆ ರಕ್ಷಣೆ ಮುಗಿಯಿತು. ಆಮೇಲೆ ನೀರು ಸಿಕ್ಕರೆ ಸಾಕು. ಕಡಲ ಗಾಳಿಯ ಉಪ್ಪು ಇದನ್ನು ಇನ್ನೂ ಬೇಗ ಮಾಡುತ್ತದೆ. ಮುಲುಂಡ್ ಪೂರ್ವವೂ ಥಾಣೆ ಖಾರಿ (ಒಳನುಗ್ಗಿದ ಕಡಲ ನೀರು), ಉಪ್ಪಿನಾಗರಗಳ ಪಕ್ಕದ್ದೇ. 1980ರ ದಶಕದ ಸ್ಲ್ಯಾಬುಗಳಲ್ಲಿ ಕಂಬಿಯ ಕೆಳಗೆ 15, 20 ಮಿಲಿಮೀಟರ್ ಕಾಂಕ್ರೀಟ್ ಇದ್ದರೆ ಪುಣ್ಯ. ಎಷ್ಟೋ ಕಡೆ ಕಂಬಿ ಗಾರೆಗೇ ತಾಗಿಕೊಂಡಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಸಿಡಿದು ಬೀಳುತ್ತದೆ. ನಿಮ್ಮ ಪ್ಯಾಸೇಜಿನಲ್ಲಿ ಬಿದ್ದದ್ದು ಹೀಗೆ.

ಇದನ್ನು ಕಣ್ಣಾರೆ ನೋಡಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದಾಗ ಆಗತಾನೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಲು ಹೇಳಿ. ಇದು ನೀರಿನ ಹಾಗೆ ಬಣ್ಣವಿಲ್ಲದ್ದು. ಕ್ಷಾರ ಉಳಿದಿರುವ ಕಡೆ ಕ್ಷಣದಲ್ಲಿ ಗಾಢ ಗುಲಾಬಿಯಾಗುತ್ತದೆ, ಕ್ಷಾರ ಹೋದ ಕಡೆ ಬೂದು ಬಣ್ಣವೇ ಉಳಿಯುತ್ತದೆ. ಕಂಬಿಯ ಸುತ್ತ ಗುಲಾಬಿ ಬಂದರೆ ನೆಮ್ಮದಿ. ಗುಲಾಬಿ ಗೆರೆ ಕಂಬಿಗಿಂತ ಎಷ್ಟೋ ಮೇಲೆ ಶುರುವಾದರೆ ಆ ಸ್ಲ್ಯಾಬಿನಲ್ಲಿ ಕಾಣದ ಕಡೆಯೂ ತುಕ್ಕು ನಡೆಯುತ್ತಿರಬಹುದು.

ಎರಡನೆಯದು ಕಂಬಿಯ ಅಳತೆ. ನಿಮ್ಮ ಸ್ಲ್ಯಾಬಿನಲ್ಲಿ ಇರುವುದು ಬಹುಶಃ 8 ಮಿಲಿಮೀಟರ್ ದಪ್ಪದ ಟಾರ್ ಕಂಬಿ (ತಿರುಚಿದ ಉಕ್ಕಿನ ಕಂಬಿ). ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ತುಕ್ಕೆಲ್ಲ ಹೋದ ಮೇಲೆ ದಪ್ಪ ಅಳೆಯುವ ವರ್ನಿಯರ್‌ನಲ್ಲಿ ಅಳೆಯಬೇಕು. ತುಕ್ಕಿನ ಸಮೇತ ಅಳೆದರೆ 9, 10 ಬಂದು ಗಟ್ಟಿಮುಟ್ಟಾಗಿದೆ ಅನಿಸುತ್ತದೆ! 8 ಇದ್ದದ್ದು 7ಕ್ಕೆ ಇಳಿದಿದ್ದರೆ ಕಂಬಿಯ ಶೇ. 23ರಷ್ಟು ಹೋದಂತೆ. 6ಕ್ಕೆ ಇಳಿದಿದ್ದರೆ ಶೇ. 44. ಬರೀ ಎರಡು ಮಿಲಿಮೀಟರ್ ಅಂತ ಕಾಂಟ್ರಾಕ್ಟರ್ ಹೇಳಿದರೆ ಈ ಲೆಕ್ಕ ತೋರಿಸಿ. ಸಾಮಾನ್ಯವಾಗಿ ಕಾಲು ಭಾಗದ ಹತ್ತಿರ ಹೋಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕೊಡಬೇಕು ಅನ್ನುತ್ತೇವೆ.

ಈಗ ದಾರಿಗಳು. ಪಿಓಪಿ ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಅದನ್ನು ತೂಗುಹಾಕಲು ಅದೇ ಕೆಟ್ಟ ಸ್ಲ್ಯಾಬಿಗೆ ಹತ್ತಾರು ತೂತು ಕೊರೆಯುತ್ತಾರೆ. ಒದ್ದೆಯಾದರೆ ಪಿಓಪಿ, ಜಿಪ್ಸಮ್ ಬೋರ್ಡ್ ಎರಡೂ ಬಾಗುತ್ತವೆ. ಅದಕ್ಕಿಂತ ಕೆಟ್ಟದ್ದು, ಸ್ಲ್ಯಾಬ್ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಚೆಂಬೂರಿನ ಒಂದು ಮನೆಯಲ್ಲಿ ಲೈಟ್ ರಿಪೇರಿಗೆ ಅಂತ ಬೋರ್ಡ್ ಬಿಚ್ಚಿದಾಗ ಅದರ ಮೇಲೆ ಅಂಗೈ ಗಾತ್ರದ ಕಾಂಕ್ರೀಟ್ ಚಕ್ಕೆಗಳು ಸಾಲಾಗಿ ಬಿದ್ದಿದ್ದವು. ಮನೆಯವರಿಗೆ ಗೊತ್ತೇ ಇರಲಿಲ್ಲ. ಬಾತ್‌ರೂಮಿನಲ್ಲಿ ಪೈಪು ಮರೆಮಾಡಲು ಪಿವಿಸಿ ಪ್ಯಾನೆಲ್ ಹಾಕುವುದು ಬೇರೆ, ಅದಕ್ಕೂ ತೆರೆದು ನೋಡಲು ಒಂದು ಬಾಗಿಲು ಇರಲಿ.

ವಾಟರ್‌ಪ್ರೂಫ್ ಪೇಂಟಿನ ಕಥೆ ನಿಮಗೇ ಗೊತ್ತಾಗಿದೆ. ನೀರು ಮೇಲಿನಿಂದ ಬರುವಾಗ ಕೆಳಗೆ ಬಳಿದ ಪದರ ಅದನ್ನು ತಡೆಯುವುದಿಲ್ಲ, ಒಳಗೆ ಕೂಡಿಹಾಕುತ್ತದೆ. ಕಂಬಿಗೆ ಇನ್ನೂ ಜಾಸ್ತಿ ಹೊತ್ತು ಒದ್ದೆ. ತುಕ್ಕು ಕಂಬಿಯ ಮೇಲೆ ಹಾಗೇ ಸಿಮೆಂಟ್ ಗಾರೆ ಮೆತ್ತುವುದೂ ಇದೇ ಜಾತಿಯದ್ದು, ಒಂದೆರಡು ಮಳೆಗಾಲಕ್ಕೆ ಕಳಚಿ ಬೀಳುತ್ತದೆ. "ಮೇಲಿನವರನ್ನು ಕೇಳುವುದೇ ಬೇಡ, ಕೆಳಗಿನಿಂದಲೇ ಇಂಜೆಕ್ಷನ್ ಹೊಡೆದು ನಿಲ್ಲಿಸುತ್ತೇವೆ" ಅಂತ ಬರುವವರೂ ಇದ್ದಾರೆ. ಆ ಇಂಜೆಕ್ಷನ್ನಿನ ಪಿಯು ಗ್ರೌಟ್ (ಬಿರುಕಿನಲ್ಲಿ ಉಬ್ಬಿ ಮುಚ್ಚುವ ಪಾಲಿಯುರೆಥೇನ್) ಒತ್ತಿದರೆ ಆ ಬಿರುಕು ಮುಚ್ಚಬಹುದು, ಆದರೆ ಕೋಬಾದಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು? ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ, ಬಹುಶಃ ಬೆಡ್‌ರೂಮಿನ ಕಡೆಗೇ. ಮೇಲಿನವರು ಖಡಾಖಂಡಿತ ಒಪ್ಪದಿದ್ದಾಗ ಕೆಲವು ತಿಂಗಳು ಕಾಲ ತಳ್ಳಲು ಇದು ಆಗಬಹುದು. ಗುಣವಾಯಿತು ಅಂದುಕೊಳ್ಳಬೇಡಿ.

ನೀವು ಹೇಳಿದಷ್ಟರಿಂದ ನಿಮಗೆ ಒಗ್ಗುವುದು ಪಾಲಿಮರ್ ಮಾರ್ಟರ್ (ಅಂಟುವ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ರಿಪೇರಿ ಅಂತ ನನ್ನ ಅಂದಾಜು. ಕೊನೇ ಮಾತು ಎದುರು ನಿಂತು ನೋಡಿದ ಎಂಜಿನಿಯರದ್ದು. ಇದರಲ್ಲಿ ಕೆಲಸ ಕೆಡುವುದು ಸಾಮಾನಿನಿಂದಲ್ಲ, ಅವಸರದಿಂದ. ಹಾಗಾಗಿ ನೀವು ಏನು ನೋಡಬೇಕು ಅಂತ ಹೇಳುತ್ತೇನೆ. ಒಡೆಯುವ ಮೊದಲು ಕಬ್ಬಿಣದ ಜಾಕಿ ಕೊಟ್ಟು ಸ್ಲ್ಯಾಬಿಗೆ ಆಸರೆ ಕೊಡಬೇಕು. ಆ ಭಾರ ನಿಮ್ಮ ನೆಲದ ಮೇಲೆ ಬರುತ್ತದೆ, ಹಾಗಾಗಿ ಒಡೆಯುವ ಜಾಗ ದೊಡ್ಡದಿದ್ದರೆ ಕೆಳಗಿನ ಮನೆಯಲ್ಲೂ ಜಾಕಿ ಬೇಕಾ ಅಂತ ಎಂಜಿನಿಯರನ್ನು ಕೇಳಿ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದಕ್ಕೂ ಬಿಡಿಸಬೇಕು. ಕಂಬಿಯ ಸುತ್ತ ನಿಮ್ಮ ಬೆರಳು ಹೋಗುವಷ್ಟು ಜಾಗ ಆಗಿದೆಯಾ ನೋಡಿ. ಹೆಚ್ಚಿನವರು ಕಂಬಿಯ ಅರ್ಧ ಕಾಣುವಷ್ಟು ಒಡೆದು ನಿಲ್ಲಿಸುತ್ತಾರೆ, ತುಕ್ಕು ಹಿಂದಿನಿಂದ ಮತ್ತೆ ಶುರುವಾಗುತ್ತದೆ. ಆಮೇಲೆ ತುಕ್ಕು ಪೂರ್ತಿ ತೆಗೆದು, ಕಂಬಿಗೆ ತುಕ್ಕು ತಡೆಯುವ ಕೋಟ್ ಹೊಡೆಯಬೇಕು. ಬೇಕಾದ ಕಡೆ ಹೊಸ ಕಂಬಿ, ಎಂಜಿನಿಯರ್ ಹೇಳಿದಷ್ಟು ಉದ್ದಕ್ಕೆ ಗಟ್ಟಿ ಭಾಗದವರೆಗೂ ಹಾಯುವ ಹಾಗೆ. ಸುಮ್ನೆ ತಂತಿಯಲ್ಲಿ ಕಟ್ಟಿದ ಗೇಣುದ್ದದ ತುಂಡು ಯಾವ ಭಾರವನ್ನೂ ಹೊರುವುದಿಲ್ಲ.

ಹೊಸ ಮಾರ್ಟರ್ ಅಂಟಿಕೊಳ್ಳಲಿ ಅಂತ ಹಳೇ ಕಾಂಕ್ರೀಟಿಗೆ ಬಾಂಡ್ ಕೋಟ್ ಬಳಿಯುತ್ತಾರೆ. ಅದು ಇನ್ನೂ ಕೈಗೆ ಅಂಟುವಾಗಲೇ ಮಾರ್ಟರ್ ಹಾಕಬೇಕು. ಬೆಳಿಗ್ಗೆ ಬಳಿದು, ಊಟ ಮಾಡಿ ಬಂದು, ಮಧ್ಯಾಹ್ನ ಮಾರ್ಟರ್ ಹಾಕಿದರೆ ಒಣಗಿದ ಆ ಕೋಟೇ ಎರಡನ್ನೂ ಬೇರೆ ಮಾಡುತ್ತದೆ, ಬಳಿಯದಿದ್ದರೇ ವಾಸಿ. ಸೀಲಿಂಗಿಗೆ ಒಂದು ಸಲಕ್ಕೆ 10, 15 ಮಿಲಿಮೀಟರ್ ದಪ್ಪ ಸಾಕು. ಎರಡು ಇಂಚನ್ನು ಒಂದೇ ಸಲ ತುಂಬಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ. ಅಷ್ಟು ಆಳವಿದ್ದರೆ ಕೆಳಗೆ ಸೆಂಟ್ರಿಂಗ್ ಹಲಗೆ ಕಟ್ಟಿ ಮೈಕ್ರೋಕಾಂಕ್ರೀಟ್ (ಸಣ್ಣ ಸಂದಿಗೂ ಹರಿಯುವ ತೆಳು ಕಾಂಕ್ರೀಟ್) ಸುರಿಯುವುದು ಸರಿ. ಯಾವ ಡಬ್ಬಿಯ ಸಾಮಾನು ಬಳಸಿದರೂ ಅದರ ಮೇಲೆ ಬರೆದ ಅಳತೆಯಲ್ಲೇ ಕಲಸಲಿ, ಮಗ್ಗಿನಲ್ಲಿ ಅಂದಾಜಿಗೆ ಸುರಿಯುವುದು ಬೇಡ.

ಈ ರಿಪೇರಿಯ ಮಿತಿಯನ್ನೂ ಹೇಳಬೇಕು. ಪ್ಯಾಚ್ ಹಾಕಿದ ಜಾಗ ಗಟ್ಟಿಯಾಗುತ್ತದೆ, ಅದರ ಪಕ್ಕದ ಹಳೇ ಕಾಂಕ್ರೀಟ್ ಹಳೆಯದೇ. ಗುಲಾಬಿ ಪರೀಕ್ಷೆಯಲ್ಲಿ ಸ್ಲ್ಯಾಬ್ ಪೂರ್ತಿ ಸೋತಿದ್ದರೆ ಕೆಲವು ವರ್ಷಕ್ಕೆ ಪಕ್ಕದಲ್ಲೇ ಇನ್ನೊಂದು ಕಡೆ ಏಳುತ್ತದೆ.

ಸ್ಲ್ಯಾಬ್ ಒಡೆದು ಹೊಸದು ಹಾಕುವುದು ಯಾವಾಗ? ಕಂಬಿ ಉದ್ದಕ್ಕೂ ಅರ್ಧಕ್ಕರ್ಧ ಸವೆದಿದ್ದರೆ, ಸ್ಲ್ಯಾಬ್ ಜಗ್ಗಿದ್ದರೆ, ಸುತ್ತಿಗೆ ಹಾಕಿದರೆ ಕಾಂಕ್ರೀಟ್ ಪುಡಿಯಾಗಿ ಉದುರುತ್ತಿದ್ದರೆ. ಒಂದಡಿ ಗಾರೆ ಬಿದ್ದದ್ದಕ್ಕೆ, ಪರೀಕ್ಷೆ ಏನೂ ಮಾಡದೆ ಇಷ್ಟು ದೊಡ್ಡ ಕೆಲಸ ಹೇಳುವವರನ್ನು ನಾನು ನಂಬುವುದಿಲ್ಲ. ಆ ಸ್ಲ್ಯಾಬ್ ಮೇಲಿನವರ ನೆಲ. ಅವರು ಮನೆ ಖಾಲಿ ಮಾಡಬೇಕು. ಅದರ ಮೇಲ್ಕಂಬಿ ಬೀಮ್ ದಾಟಿ ಪಕ್ಕದ ಕೋಣೆಗೂ ಹೋಗಿರುತ್ತದೆ, ಅದನ್ನು ಕತ್ತರಿಸಿದರೆ ಪಕ್ಕದ ಸ್ಲ್ಯಾಬಿನ ಬಲವೂ ತಗ್ಗುತ್ತದೆ. ಡಿಸೈನ್, ಆಸರೆ, ಸೊಸೈಟಿಯ ಒಪ್ಪಿಗೆ, ಪಾಲಿಕೆಯಲ್ಲಿ ವಿಚಾರಿಸಿಕೊಳ್ಳುವುದು, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ನಡುವಿನ ದಾರಿಯೂ ಒಂದಿದೆ: ಸ್ಲ್ಯಾಬಿನ ಕೆಳಗೆ ಉಕ್ಕಿನ ತೊಲೆ ಕೊಟ್ಟು ಹೊರಿಸುವುದು. ಹಳೇ ಕಟ್ಟಡಗಳಲ್ಲಿ ತುಂಬ ಕಡೆ ಮಾಡಿದ್ದಾರೆ. ತಲೆ ಮೇಲಿನ ಎತ್ತರ ಕಡಿಮೆಯಾಗುತ್ತದೆ, ನೋಡಲು ಚೆಂದವಲ್ಲ, ಉಕ್ಕಿಗೂ ಆಗಾಗ ಬಣ್ಣ ಬೇಕು. ಜೀವ ಉಳಿಸುವ ಕೆಲಸವಂತೂ ಹೌದು.

ಯಾವ ಹೊತ್ತಿನಲ್ಲಾದರೂ ಸ್ಲ್ಯಾಬ್ ಕೆಳಗೆ ಜಗ್ಗಿದಂತೆ ಕಂಡರೆ, ಬೀಮಿನಲ್ಲಿ ಹೊಸ ಬಿರುಕು ಅಗಲವಾಗುತ್ತಾ ಹೋದರೆ, ಸರಿಯಿದ್ದ ಬಾಗಿಲು ಇದ್ದಕ್ಕಿದ್ದ ಹಾಗೆ ಸಿಕ್ಕಿಕೊಳ್ಳತೊಡಗಿದರೆ ಕಾಯಬೇಡಿ. ಮನೆಯಿಂದ ಹೊರಗೆ ಬಂದು ಎಂಜಿನಿಯರಿಗೂ ಪಾಲಿಕೆಯ 1916 ನಂಬರಿಗೂ ಫೋನ್ ಮಾಡಿ.

ದುಡ್ಡಿನ ವಿಷಯ ಚಿಕ್ಕದಾಗಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಟಾಯ್ಲೆಟ್, ಸಿಂಕ್ ಮುಂತಾದ ಒಳಗಿನ ಸೋರಿಕೆಯ ಖರ್ಚು ಸಂಬಂಧಪಟ್ಟ ಮನೆಯವರದ್ದು, ಸೊಸೈಟಿ ನಡುವೆ ಬಂದು ಮಾಡಿಸಬೇಕು. ಮನೆಗಳ ಮೇಲ್ಛಾವಣಿಯ ಸ್ಟ್ರಕ್ಚರಲ್ ರಿಪೇರಿ, ಹೊರಗೋಡೆ, ಕಾಮನ್ ಪೈಪು ಸೊಸೈಟಿಯದ್ದು. ಅಂದರೆ ಮೇಲಿನ ಬಾತ್‌ರೂಮಿನ ಕೆಲಸ ಅವರದ್ದು, ಕಂಬಿ ಕೆಟ್ಟ ಸ್ಲ್ಯಾಬಿನ ಕೆಲಸಕ್ಕೆ ಸೊಸೈಟಿಯನ್ನು ಕೇಳಬಹುದು, ನಿಮ್ಮ ಪೇಂಟು ಮಾತುಕತೆಯಲ್ಲಿ ಬಗೆಹರಿಯುವಂಥದ್ದು. ನಿಮ್ಮ ಸೊಸೈಟಿ ಅಳವಡಿಸಿಕೊಂಡ ಬೈಲಾ ಪುಸ್ತಕ ತೆಗೆದು ಒಮ್ಮೆ ಓದಿ. ಸೆಕ್ರೆಟರಿಗೆ ಬಾಯಲ್ಲಿ ಹೇಳಿದ್ದು ಸಾಕು, ಇನ್ನು ಲಿಖಿತ ಅರ್ಜಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಪಾಲಿಕೆಯ ವಾರ್ಡ್ ಆಫೀಸಿಗೆ ದೂರು ಕೊಡಬಹುದು, ಕೊನೆಗೆ ಸಹಕಾರಿ ಕೋರ್ಟಿದೆ. ಆದರೆ ಕೋರ್ಟಿನ ತಾರೀಖು ಕಾಯುತ್ತಾ ಸೋರುವ ಸ್ಲ್ಯಾಬ್ ಕೆಳಗೆ ಕೂರಬೇಡಿ.

ರೀಡೆವಲಪ್‌ಮೆಂಟ್ ಬರುತ್ತೆ ಅನ್ನುವ ಮಾತು ಮುಂಬಯಿಯ ಎಲ್ಲ ಹಳೇ ಸೊಸೈಟಿಗಳಲ್ಲೂ ಕೇಳುತ್ತೇನೆ. ಬರಲಿ. ಬಿಲ್ಡರ್ ಗೊತ್ತಾಗಿ, ಎಲ್ಲರೂ ಒಪ್ಪಿ, ಮನೆ ಖಾಲಿ ಮಾಡುವ ತನಕ ನೀವು ಇರುವುದು ಇದೇ ಸ್ಲ್ಯಾಬಿನ ಕೆಳಗೆ. ನಿಮ್ಮ ಕಟ್ಟಡಕ್ಕೆ 30 ವರ್ಷ ದಾಟಿದೆ. ಬೈಲಾ ಪ್ರಕಾರ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು, 30 ದಾಟಿದ ಕಟ್ಟಡಗಳಿಗೆ ಮುಂಬಯಿ ಪಾಲಿಕೆಯ ಕಾನೂನೂ ಆಡಿಟ್ ಕೇಳುತ್ತದೆ. ಕೊನೆಯ ರಿಪೋರ್ಟಿನ ಪ್ರತಿ ಕೊಡಿ ಅಂತ ಅದೇ ಅರ್ಜಿಯಲ್ಲಿ ಕೇಳಿ. ಅದರಲ್ಲಿ ಕಟ್ಟಡವನ್ನು ಸಿ1 ಅಂತ ಬರೆದಿದ್ದರೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ ಅಂತ ಅರ್ಥ, ಆಗ ಈ ಸೀಲಿಂಗ್ ಮಾತೇ ಬೇರೆಯಾಗುತ್ತದೆ. ಸಿ2 ಅಂದರೆ ದೊಡ್ಡ ರಿಪೇರಿ, ಸಿ3 ಅಂದರೆ ಚಿಕ್ಕ ರಿಪೇರಿ. ಆಡಿಟ್ಟೇ ಆಗಿಲ್ಲ ಅಂದರೆ ಸೆಕ್ರೆಟರಿಯವರ ರೀಡೆವಲಪ್‌ಮೆಂಟ್ ಮಾತಿಗೂ ಬುಡವಿಲ್ಲ. (ಗಿರಗಾಂವ್, ದಾದರ್ ಕಡೆ ಪಗಡಿ ಹಣ ಕೊಟ್ಟು ಬಾಡಿಗೆಗೆ ಹಿಡಿದ ಹಳೇ ಕಟ್ಟಡಗಳಲ್ಲಿ ಇರುವ ಓದುಗರಿಗೆ: ರಿಪೇರಿಗೆಂದು ಸೆಸ್ ಅನ್ನುವ ತೆರಿಗೆ ಕಟ್ಟುವ, 1969ಕ್ಕಿಂತ ಹಿಂದಿನ ಕಟ್ಟಡಗಳಾದರೆ ನಿಮ್ಮ ದಾರಿ ಬೇರೆ, ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಬೋರ್ಡನ್ನು ಕೇಳಬೇಕು.)

ಮೇಲಿನವರ ಬಳಿ ಮಾತಾಡುವಾಗ ಒಂದು ನೆನಪಿರಲಿ. ಅವರದೂ ಒಂದು ಬೆಡ್‌ರೂಮಿನ ಮನೆ. ಬಾತ್‌ರೂಮ್ ಒಡೆದರೆ ಸ್ನಾನಕ್ಕೆ ಎಲ್ಲಿಗೆ ಹೋಗುವುದು ಅನ್ನುವ ಚಿಂತೆಯೇ ಅವರ ಹಟದ ಅರ್ಧ ಭಾಗ. ಆ ಕಾಲದ ಮನೆಗಳಲ್ಲಿ ಬಾತ್‌ರೂಮು, ಟಾಯ್ಲೆಟ್ಟು ಸಾಮಾನ್ಯವಾಗಿ ಬೇರೆ ಬೇರೆ ಇರುತ್ತವೆ, ಒಂದಾದ ಮೇಲೆ ಒಂದು ಮಾಡಿಸಬಹುದು. ಆ ದಿನಗಳಲ್ಲಿ ನಿಮ್ಮ ಬಾತ್‌ರೂಮ್ ಬಳಸಿ ಅಂತ ನೀವೇ ಹೇಳಿ ನೋಡಿ. ನೋಟಿಸಿಗಿಂತ ಬೇಗ ಕೆಲಸ ಆದದ್ದುಂಟು. ಆದರೆ ಕೆಲಸ ಮಾತ್ರ ಪೂರ್ತಿ ಆಗಲಿ: ಟೈಲ್ಸ್ ಮತ್ತು ಹಳೇ ಕೋಬಾ ಸ್ಲ್ಯಾಬಿನವರೆಗೆ ತೆಗೆದು, ಟ್ರ್ಯಾಪ್ ಬದಲಾಯಿಸಿ, ಗೋಡೆಯ ಮೇಲಕ್ಕೂ ಒಂದಡಿಯಷ್ಟು ವಾಟರ್‌ಪ್ರೂಫಿಂಗ್ ಹತ್ತಿಸಿ, ಟೈಲ್ಸ್ ಹಾಕುವ ಮುಂಚೆ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಟೈಲ್ಸ್ ಮೇಲೆ ಬಳಿಯುವ ಪಾರದರ್ಶಕ ಕೆಮಿಕಲ್ ಸಾಕು ಅಂದರೆ ಒಪ್ಪಬೇಡಿ.

ಕಾಂಟ್ರಾಕ್ಟರಿನ ಕೊಟೇಶನ್‌ನಲ್ಲಿ ರೇಟು ಚದರ ಅಡಿಗೆ ಎಷ್ಟು, ಎಷ್ಟು ದಪ್ಪಕ್ಕೆ ಅಂತ ಎರಡೂ ಬರೆದಿರಲಿ. ಹೊಸ ಕಂಬಿ ಕಿಲೋ ಲೆಕ್ಕದಲ್ಲಿ ಬೇರೆ. ಒಡೆದಾದ ಮೇಲೆ, ಮುಚ್ಚುವ ಮುಂಚೆ, ನಿಮ್ಮ ಎದುರು ಅಳೆಯಬೇಕು. ಮುಚ್ಚಿದ ಮೇಲೆ ಅಳೆದರೆ ಮೂವತ್ತು ಅಡಿ ಐವತ್ತಾಗುತ್ತದೆ, ಕೇಳಲು ಏನೂ ಉಳಿದಿರುವುದಿಲ್ಲ.

ಡಿಸೆಂಬರ್ ಕೊನೆಗೆ ಮದುವೆ ಅಂದಿದ್ದೀರಿ, ಅದರ ಮುಂಚೆ ಇದೆಲ್ಲ ಆಗುತ್ತಾ? ಮಳೆ ನಿಂತ ಕೂಡಲೇ ಪರೀಕ್ಷೆ ಮಾಡಿಸಿ, ಅಕ್ಟೋಬರ್‌ನಲ್ಲಿ ಮೇಲಿನ ಕೆಲಸ ಮುಗಿದರೆ ಆಗುತ್ತದೆ. ಆ ಕೆಲಸಕ್ಕೆ ಎರಡು ವಾರ, ಸ್ಲ್ಯಾಬ್ ಆರಲು ಕನಿಷ್ಠ ಮೂರ್ನಾಲ್ಕು ವಾರ, ನಿಮ್ಮ ರಿಪೇರಿಗೆ ಒಂದು ವಾರ, ಅದು ಗಟ್ಟಿಯಾಗುವ ಕ್ಯೂರಿಂಗಿಗೆ ಇನ್ನೊಂದು. ಡಿಸೆಂಬರ್ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ. ಆದರೆ ಹಸಿ ಮಾರ್ಟರ್ ಮೇಲೆ ಪುಟ್ಟಿ, ಆಯಿಲ್ ಪೇಂಟ್ ಹೊಡೆಸಿದರೆ ಮತ್ತೆ ಏಳುತ್ತದೆ. ನೆಂಟರಿಗೋಸ್ಕರ ಸದ್ಯಕ್ಕೆ ಒಂದು ಕೈ ಸುಣ್ಣ ಹೊಡೆಸಿ, ಪೇಂಟ್ ಕೆಲಸ ಫೆಬ್ರವರಿಗೆ ಇಟ್ಟುಕೊಳ್ಳಿ. ಮೇಲಿನವರು ಅಕ್ಟೋಬರ್‌ನಲ್ಲಿ ಒಪ್ಪದೆ ಹೋದರೆ ಸಡಿಲ ಗಾರೆ ಕೆಡವಿಸಿದ ಸೀಲಿಂಗ್ ಹಾಗೇ ಇರಲಿ. ಎಂಜಿನಿಯರ್ ಬೇಕು ಅಂದರೆ ಒಂದೆರಡು ಜಾಕಿ ನಿಲ್ಲಿಸಿ, ಆ ಕೋಣೆಯಲ್ಲಿ ಯಾರನ್ನೂ ಮಲಗಿಸದೆ ಮದುವೆ ಮುಗಿಸಿ. ಮದುವೆ ಮನೆಗೆ ಚೆಂದ ಕಾಣಲಿ ಅಂತ ಈಗ ಮುಚ್ಚಿಸಿದರೆ ಮುಂದಿನ ಜೂನ್‌ಗೆ ಮತ್ತೆ ಇದೇ ಖರ್ಚು.